ಕಪ್ಪಿ ಮದಿವ್ಯಾಗ ನಾವು ಗಂಡಿನ ಕಡಿಯವರು

ಹೊಟ್ಟಿಕಿಚ್ಚಿಗೂ ಒಂದು ಅಂತಸ್ತು ಅಂತ ಇರತೈತಿ ನೋಡ್ರಿ. ಮಂದಿ ಮಗ್ಗಲಮನಿಯವರ ಕಾರು ನೋಡಿ ಹೊಟ್ಟಿ ಉರಕೋತಾರ, ಅವರ ಹೆಂಡತಿ ಕೊಳ್ಳಾಗಿನ ಸರ ನೋಡಿ ಉರಕೋತಾರ, ಕಾಲುವಿ ನೀರು ಹರಿಯೋ ಹೊಲ ನೋಡಿ ಉರಕೋತಾರ. ಅಂಥಾ ಹೊಟ್ಟಿಕಿಚ್ಚು ನಾಕು ಮಂದಿ ಮುಂದ ಹೇಳಕೋಬಹುದು. ಕೇಳಿದವರು 'ಹೌದ್ರಿ, ಖರೇ ಐತಿ, ನಮಗೂ ಉರೀತೈತಿ' ಅಂತ ಸಾಥ್ ಕೊಡತಾರ. ನಂದು ಹೇಳಕೊಳ್ಳಾಕ ಬರುವಂಥಾದ್ದಲ್ಲ. ಡಾಕ್ಟರ್ ಮುಂದ ಹೇಳಿದ್ರ ಅಂವ ನನ್ನ ಹೊರಗ ಕುಂದರಿಸಿ, ನನ್ನ ಹೆಂಡತೀನ ಒಳಗ ಕರದು, 'ಇವರಿಗೆ ಯಾವಾಗಿಂದ ಹಿಂಗ?' ಅಂತ ಕೇಳತಾನ. ನನಗ ಕಪ್ಪಿ ಮ್ಯಾಲ ಹೊಟ್ಟಿಕಿಚ್ಚು. ಹೌದ್ರಿ, ಕಪ್ಪಿ. ನೀರಾಗ ಕುಂತು ವಟರ್ ವಟರ್ ಅಂತೈತಲ್ಲ, ಅದ ಕಪ್ಪಿ.

ನಗಬ್ಯಾಡ್ರಿ. ಮೊದಲ ನಾ ಯಾರು ಅಂತ ತಿಳಕೋರಿ, ಆಮ್ಯಾಲ ನಗ್ರಿ. ನಾ ಸಿಂದಗಿಯಾಂವ. ಅರ್ಧ ಆಯುಷ್ಯ ಬಸ್ಸಿನ ಕಂಡಕ್ಟರ್ ಆಗಿ ಕಳದೇನಿ. ಇಂಡಿ, ಬಾಗೇವಾಡಿ, ಮುದ್ದೇಬಿಹಾಳ, ಈ ರಸ್ತಾದಾಗ ನನ್ನ ಸೀಟಿ ಕೇಳಿದ್ರ ಎಮ್ಮಿ ತಾವಾಗೇ ಬಾಜೂಕ ಸರೀತಿದ್ವು. ನನ್ನ ಬಸ್ಸಿನಾಗ ಮಂದಿ ಊರಿಗೆ ಹೋಗಾಕ ಹತ್ತತಿದ್ದಿಲ್ಲ, ನನ್ನ ಮಾತು ಕೇಳಾಕ ಹತ್ತತಿದ್ರು. ಇದನ್ನ ನಾ ಹೇಳಾಕತ್ತಿಲ್ಲ, ನಮ್ಮ ಡ್ರೈವರ್ ಹೇಳತಿದ್ದ. ಅಂವ ಈಗ ಇಲ್ಲ, ಹಂಗಾಗಿ ನೀವು ಹೋಗಿ ಕೇಳಾಕೂ ಬರಂಗಿಲ್ಲ. ಒಮ್ಮೆ ಬ್ಯಾಸಗಿ ಮಧ್ಯಾಹ್ನ, ಬಸ್ಸಿಗೆ ಬಸ್ಸ ಗೊರಕಿ ಹೊಡಿಯಾಕತ್ತಿತ್ತು. ನನಗ ಸುಮ್ಮನ ಕುಂತು ಬ್ಯಾಸರಾತು. ಎರಡೂ ಕಡಿ ಬರೀ ಹೊಲ ಇರೋ ಜಾಗಾದಾಗ ಸೀಟಿ ಊದಿ, 'ಮುದ್ದೇಬಿಹಾಳ! ಲಾಸ್ಟ್ ಸ್ಟಾಪ್! ಇಳೀರಿ ಲಗೂನ!' ಅಂತ ಒದರಿದ್ನಿ. ಗಂಟು, ಚೀಲ, ಕೂಸು ಎತ್ತಿಕೊಂಡು ಎಲ್ಲಾರೂ ಇಳದ್ರು. ಒಬ್ಬ ಯಜಮಾನ ಜ್ವಾಳದ ಹೊಲದ ಬದುವಿನ ಮ್ಯಾಲ ನಿಂತು, 'ತಮ್ಮಾ, ಚಾದ ಅಂಗಡಿ ಎತ್ತಾಗ ಬರತೈತಿ?' ಅಂತ ಕೇಳಿದ. ಬೈಕೋತ ಹತ್ತಿದ್ರು, ಹತ್ತಿ ಕುಂತಮ್ಯಾಲ ಹೊಟ್ಟಿ ಹಿಡಕೊಂಡು ನಕ್ರು. ಅಂಥಾ ಮನಷಾ ನಾನು.

ರಿಟೈರ್ ಆದಮ್ಯಾಲ ನನ್ನ ಬಸ್ಸು ಅಂದ್ರ ನಮ್ಮ ಮನಿ ಮುಂದಿನ ಬೇವಿನ ಗಿಡದ ಕಟ್ಟಿ. ಸಂಜೀಮುಂದ ಅರಿಬಿ ಹೊಲಿಯೋ ಸಿಂಪಿಗ ಖಾದರಸಾಬ ಅಂಗಡಿ ಮುಚ್ಚಿ ಬರಾಂವ, ಮಲ್ಲಪ್ಪ ಮಾಸ್ತರ ವಾಕಿಂಗ್ ನಡುವ ಬಿಟ್ಟು ಬರಾಂವ, ಇನ್ನಾ ನಾಕಾರು ಮಂದಿ. ನಾ ಹೇಳಾಂವ, ಅವರು ಕೇಳೋರು. ಮುದ್ದೇಬಿಹಾಳದ ಕಥಿ ಎಷ್ಟ ಸಲ ಹೇಳಿದ್ರೂ ಜ್ವಾಳದ ಹೊಲ ಬಂದಕೂಡಲೇ ಖಾದರಸಾಬ ಮೊದಲನೇ ಸಲ ಕೇಳಿದಂಗ ನಗತಿದ್ದ. ಆ ನಗಿ ಕೇಳಿದ ರಾತ್ರಿ ನನಗ ಗುಳಿಗಿ ಇಲ್ಲದ ನಿದ್ದಿ ಬರತಿತ್ತು. ನನ್ನ ಇಡೀ ಆಸ್ತಿ ಅಂದ್ರ ಅದ ಕಟ್ಟಿ, ಅದ ನಗಿ. ಆ ಆಸ್ತಿಗೆ ಕೈ ಹಾಕಿದವು ಈ ಕಪ್ಪಿ.

ಈಗ ನಮ್ಮ ಬೀಗರ ಕಥಿ ಹೇಳಬೇಕು. ಶಿವಲಿಂಗಪ್ಪನವರು ಅಂತ, ಹತ್ತಿ ವ್ಯಾಪಾರ ಮಾಡಿ ಸಾಕಾಗಿ ಮನ್ಯಾಗ ಕುಂತಾವರು. ನಮ್ಮ ಹಿತ್ತಲಕ್ಕೂ ಅವರ ಹಿತ್ತಲಕ್ಕೂ ನಡುವ ಒಂದ ಗ್ವಾಡಿ. ನಮ್ಮ ಮಗಳು ರೇಣುಕಾನ್ನ ಅವರ ಮಗನಿಗೆ ಕೊಟ್ಟೇವಿ. ಒಳ್ಳೆ ಮನಷಾರು, ಅದ ನೋಡ್ರಿ ತ್ರಾಸು. ಮಾತು ಭಾಳ ಕಡಿಮಿ. ನಾ ಒಂದ ತಾಸು ಮಾತಾಡಿದ್ರ ಅವರು 'ಹೌದ್ರಿ' ಅಂತಾರ. ಮದಿವ್ಯಾಗ ನಾವು ಹೆಣ್ಣಿನ ಕಡಿಯವರು. ಅಂದಮ್ಯಾಲ ಕೈಮುಗದು ನಿಂತದ್ದ ನಿಂತದ್ದು. ಅವರಿಗೆ ಮೊದಲ ಬಿಸಿನೀರು, ಅವರಿಗೆ ಮೊದಲ ಪಂಕ್ತಿ, ಅವರಿಗೆ ಖುರ್ಚಿ. ಊಟ ಮಾಡಿ ಎದ್ದು, ಇಷ್ಟ ವರ್ಷಾದ್ರೂ ನಾ ಮರೀದ ಒಂದ ಮಾತು ಅಂದ್ರು: 'ಎಲ್ಲಾ ಚಲೋ ಆಗೇತ್ರಿ ಬೀಗರ, ಸಾರಿಗೆ ಉಪ್ಪು ಒಂದೀಟು ಮುಂದ ಆಗೇತಿ.' ಅಷ್ಟ. ಆವತ್ತಿನಿಂದ ನಾ ಸಾರು ಉಣ್ಣೂಮುಂದ ಶಿವಲಿಂಗಪ್ಪನವರ ನೆನಪಾಗತೈತಿ.

ಅವರು ಮ್ಯಾಲಮಾಡಿ ಕಟ್ಟಿಸೂಮುಂದ ಸಿಮೆಂಟಿಗೆ ನೀರು ಬೇಕಂತ ಹಿತ್ತಲದಾಗ ಒಂದು ಹೊಂಡ ತೋಡಿಸಿದ್ರು. ಮನಿ ಮುಗೀತು, ಹೊಂಡ ಮುಚ್ಚೋದು ಉಳೀತು. ಬೋರಿನ ನೀರು ಹೆಚ್ಚಾದದ್ದು ಅದರಾಗ ಹೋತು, ಪಾಚಿ ಬೆಳೀತು, ಆಪು ಹುಲ್ಲು ಎದ್ದಿತು. ಒಂದಿನ ಎಲ್ಲಿಂದಲೋ ಒಂದು ಕಪ್ಪಿ ಬಂತು. ಆಮ್ಯಾಲ ಅದರ ಬಳಗೆಲ್ಲಾ ಬಂತು. ಗೊದಮಟ್ಟಿ ಮರಿ ತಿನ್ನಾಕ ಬೆಳ್ಳಕ್ಕಿ ಬಂತು. ಸಣ್ಣ ಮೀನ ಹೆಂಗ ಬಂದುವೋ, ಅವನ್ನ ಹಿಡಿಯಾಕ ಮಿಂಚುಳ್ಳಿ ಬಂತು. ಮಿಂಚುಳ್ಳಿ ಅಂದ್ರ ಹೆಂಗ, ನೀಲಿ ಬಣ್ಣದ ಡಬ್ಬಿ ಮೈಮ್ಯಾಲ ಸುರುವಿಕೊಂಡಂಗ! ಗ್ವಾಡಿ ಬುಡಕ ಹಾವಿಗೆ ಅಂಜದ ಒಂದು ಮುಂಗಲಿ, ಆಪಿನ ತುದಿಗೆ ಕೆಂಪನ್ನ ಏರೋಪ್ಲೇನ್ ಚಿಟ್ಟಿ. ಶಿವಲಿಂಗಪ್ಪನವರು ಮಾಡಿದ್ದೇನು? ಏನೂ ಇಲ್ಲ. ಒಂದು ಕಲ್ಲು ಹಾಕ್ಕೊಂಡು ಸುಮ್ಮನ ಕುಂತ್ರು. ಸುಮ್ಮನ ಕುಂದರೋದಕ್ಕ ಇಷ್ಟ ಮರ್ಯಾದಿ ಸಿಗತೈತಿ ಅಂತ ನನಗ ಮೊದಲ ಗೊತ್ತಿದ್ರ ನಾನೂ ಯಾವಾಗರೆ ಒಮ್ಮೆ ಸುಮ್ಮನ ಕುಂದರತಿದ್ನಿ.

ಮೊದಲ ಮಲ್ಲಪ್ಪ ಮಾಸ್ತರ ಹೋದ. 'ಒಂದೀಟು ಕಪ್ಪಿ ನೋಡಿ ಬರತೇನಿ' ಅಂದ. ಬರಲಿಲ್ಲ. ಆಮ್ಯಾಲ ಉಳದವರು. ಕಡೀಕ ಒಂದ ಸಂಜಿ ನಾ ಜ್ವಾಳದ ಹೊಲದ ತನಕ ಬಂದೇನಿ, ಯಜಮಾನ ಬದುವಿನ ಮ್ಯಾಲ ಹತ್ಯಾನ, ಇನ್ನೇನ ಬಾಯಿ ತಗೀಬೇಕು, ಗ್ವಾಡಿ ಆಚಿಂದ 'ವಟರ್' ಅಂತು. ಖಾದರಸಾಬ ಎದ್ದು ಚಪ್ಪಲಿ ಮೆಟ್ಟಿದ.

'ಏ ಸಾಬ, ಕಥಿ ಮುಗದಿಲ್ಲೋ!'

'ಗೊತ್ತೈತ್ರಿ ಕಂಡಕ್ಟರ್ ಸಾಹೇಬ್ರ, ಅಂವ ಚಾದ ಅಂಗಡಿ ಕೇಳತಾನ. ಕಪ್ಪಿ ಏನ ಮಾಡತೈತಿ ಅನ್ನೋದು ಗೊತ್ತಿಲ್ಲಲ್ರಿ!'

ಆ ಮಾತು ಎದಿಗೆ ನಟ್ಟಿತು. ನಾ ಹಿತ್ತಲಕ್ಕ ಹೋಗಿ, ಬಕೆಟ್ ಡಬ್ಬ ಹಾಕಿ, ಅದರ ಮ್ಯಾಲ ಹತ್ತಿ, ಗ್ವಾಡಿ ಮ್ಯಾಲಿಂದ ಹಣಿಕಿ ನೋಡಿದ್ನಿ. ನನ್ನ ಮಂದಿಯೆಲ್ಲಾ ಸಾಲಾಗಿ ಕುಂತಾರ. ಎಲ್ಲಾರ ಕೈಯಾಗೂ ಚಾ. ಚಾ ಕೊಡಾಕತ್ತಾಕಿ ನನ್ನ ಮಗಳು. ನನ್ನ ಹೆಂಡತಿ ಗಂಗವ್ವನೂ ಅಲ್ಲೇ ಕುಂತು, 'ಅಯ್ಯ, ಅದರ ಕಣ್ಣರೆ ನೋಡ್ರಿ, ಎಷ್ಟ ಶಾಣ್ಯಾ ಇದ್ದಂಗ ಕಾಣತೈತಿ' ಅನ್ನಾಕತ್ತಾಳ. ಇಷ್ಟ ವರ್ಷ ಸಂಸಾರ ಮಾಡೇನಿ, ಅಕಿ ಬಾಯಾಗ ನನ್ನ ಬಗ್ಗೆ ಶಾಣ್ಯಾ ಅನ್ನೋ ಶಬ್ದ ಬಂದಿಲ್ರಿ.

ನಾನೇನ ಕಮ್ಮಿ? ಆಲಮಟ್ಟಿ ಡ್ಯಾಮಿನ ಗಾರ್ಡನ್ ನೋಡಿ ಬಂದಾಂವ ನಾನು. ನಮ್ಮ ಹಿತ್ತಲದಾಗೂ ಹೊಂಡ ಮಾಡಿಸಿದ್ನಿ, ಆದ್ರ ಹೊಂಡ ಅಂದ್ರ ಹೊಂಡ! ಕೆಳಗ ಸಿಮೆಂಟ್, ಬಾಜೂಕ ನೀಲಿ ಟೈಲ್ಸ್, ನಡುವ ಸಣ್ಣ ಕಾರಂಜಿ. ಒಂದೀಟು ಪಾಚಿ ಕಂಡ್ರ ತಿಕ್ಕಿ ತಗಿಯಾಂವ, ಹೊಲಸು ಆಗಬಾರದಂತ ಬ್ಲೀಚಿಂಗ್ ಪೌಡರ್ ಹಾಕಾಂವ. ನೀರು ಎಷ್ಟ ಸ್ವಚ್ಛ ಅಂದ್ರ ತಳದಾಗ ನನ್ನ ಮಾರಿ ಕಾಣತಿತ್ತು. ನನ್ನ ಮಾರಿ ಬಿಟ್ಟು ಮತ್ತೇನೂ ಕಾಣಲಿಲ್ಲ. ದೇವಣಗಾಂವದಾಗ ನನ್ನ ಹೆಂಡತಿ ತವರಮನಿ ಐತಿ, ಭೀಮಾ ಹೊಳಿ ದಂಡಿಗೆ. ಅಲ್ಲಿಂದ ಒಂದು ಕೊಡದ ತುಂಬ ಕಪ್ಪಿ ಬಸ್ಸಿನಾಗ ತಂದು ಬಿಟ್ನಿ. ಮುಂಜಾನೆ ನೋಡ್ತೇನಿ, ಒಂದೂ ಇಲ್ಲ. ಗ್ವಾಡಿ ಆಚೆ ಭರ್ಜರಿ ಹಾಡು ನಡದೈತಿ. ದೇವಣಗಾಂವದ್ದ ದನಿ ಅಂತ ನನಗ ಗುರ್ತ ಹತ್ತಿತು.

ಹೆಂಡತಿ ಅಂದ್ಲು, 'ಪೌಡರ್ ವಾಸನಿ ಬರೋ ನೀರಾಗ ಯಾರ ಇರತಾರ್ರಿ? ಕಪ್ಪಿ ಇರಲಿ, ನಾನ ಇರಂಗಿಲ್ಲ.'

ಸಿಟ್ಟಿಗೆದ್ದು ಇಂಡಿ ಸಂತ್ಯಾಗ ಒಂದು ರಬ್ಬರಿನ ಹಾವು ತಂದ್ನಿ. ಕರೀದು, ಹೆಡಿ ಎತ್ತಿದ್ದು, ಕೈಯಾಗ ಹಿಡದ್ರ ನನಗ ಮೈ ಝುಮ್ ಅಂತಿತ್ತು. ಮಧ್ಯಾಹ್ನ ಬೀಗರು ಮಲಗಿದಾಗ ಗ್ವಾಡಿ ಮ್ಯಾಲಿಂದ ಹೊಂಡಕ್ಕ ಒಗದ್ನಿ. ಹಾವು ಕಂಡ ಕಪ್ಪಿ ಓಡಬೇಕಲ್ಲ? ಸಂಜೀಗೆ ಖಾದರಸಾಬ ಬಂದು ಬಾಗಲಾ ಬಡದ. 'ಸಾಹೇಬ್ರ, ಬರ್ರಿ ಬರ್ರಿ, ಚಮತ್ಕಾರ!' ಹೋಗಿ ನೋಡಿದ್ರ ಒಂದು ದಪ್ಪನ್ನ ಕಪ್ಪಿ ನನ್ನ ಹಾವಿನ ಹೆಡಿ ಮ್ಯಾಲ ದೇವರ ಹಂಗ ಕುಂತೈತಿ. ಮಂದಿ ಫೋಟೋ ಹೊಡದದ್ದೇನು, ಊರ ತುಂಬ ಕಳಿಸಿದ್ದೇನು! ಆವತ್ತು ನನ್ನ ಕಟ್ಟಿ ಕಡಿ ಎಂದೂ ಹಾಯದ ಮಂದಿನೂ ಬೀಗರ ಹಿತ್ತಲದಾಗ ಇದ್ರು. ಶಿವಲಿಂಗಪ್ಪನವರು ನನ್ನ ಮಾರಿ ನೋಡಿ ಸಮಾಧಾನಲೆ ಅಂದ್ರು, 'ಯಾರೋ ಪುಣ್ಯಾತ್ಮರು ಕಪ್ಪಿಗೆ ಖುರ್ಚಿ ಕೊಟ್ಟಾರ ನೋಡ್ರಿ ಬೀಗರ.'

ಇದರಾಗ ಮಳಿ ಕೈಕೊಟ್ಟಿತು. ಮುಂಗಾರಿಗೆ ಮೊದಲ ಒಂದೆರಡು ಸಲ ಬಂದು ಹೋದದ್ದ ಬಂತು, ಮಿರಗದ ಮಳಿ ಹುಸಿ ಹೋತು, ಆರಿದ್ರಾ ಬಂತು, ಮ್ಯಾಲ ಬರೀ ಮಾಡ, ಹನಿ ಇಲ್ಲ. ನಮ್ಮ ಓಣಿಯ ಹಿರೇಮನಷಾಳು ನೀಲಮ್ಮಕ್ಕ ಹೆಣ್ಣಮಕ್ಕಳನ್ನ ಕಟಗೊಂಡು ಬಂದ್ಲು. ಕಪ್ಪಿ ಮದಿವಿ ಮಾಡಿದ್ರ ಮಳಿ ಬರತೈತಿ ಅನ್ನೋದು ನಮ್ಮ ಕಡಿ ನಂಬಿಗಿ. 'ತಮ್ಮಾ, ಹೆಣ್ಣು ಗಂಡು ಎರಡೂ ನಿಮ್ಮ ಬೀಗರ ಹೊಂಡದಾಗ ಹಿಡೀತೇವಿ, ನೀನೂ ಬಾ' ಅಂದ್ಲು.

ಹೊಟ್ಯಾಗಿನ ಕಿಚ್ಚು ಭುಗ್ ಅಂತು. ಆದ್ರ ಕಂಡಕ್ಟರ್ ತಲಿ ನೋಡ್ರಿ, ಬ್ರೇಕ್ ಬಿದ್ದಲ್ಲೇ ಓಡತೈತಿ. ನಾ ಕೇಳಿದ್ನಿ, 'ಯಕ್ಕಾ, ಒಂದ ಹೊಂಡದಾಗ ಹುಟ್ಟಿದ ಹೆಣ್ಣು ಗಂಡು ಅಣ್ಣ ತಂಗಿ ಆಗತಾವಿಲ್ಲೋ? ಅಣ್ಣ ತಂಗಿಗೆ ಲಗ್ನ ಮಾಡಿದ್ರ ಮಳಿ ಬರತೈತೋ, ಸಿಡ್ಲು ಬರತೈತೋ?'

ನೀಲಮ್ಮಕ್ಕ ಬಾಯಿ ಮ್ಯಾಲ ಕೈ ಇಟಗೊಂಡ್ಲು. 'ಅಯ್ಯ ಶಿವನ, ಖರೇ ಐತಲ್ಲೋ!'

'ಹೆಣ್ಣು ಬೀಗರ ಹೊಂಡದ್ದು ಇರಲಿ. ಗಂಡು ನಾ ಹೊರಗಿಂದ ತರತೇನಿ. ಗಂಡಿನ ಕಡಿಯವರು ನಾವು.'

'ಗಂಡಿನ ಕಡಿಯವರು ನಾವು' ಅಂತ ಬಾಯಿಲೆ ಅಂದ ಮ್ಯಾಲ ಏನಾತಂತೀರಿ, ಬೆನ್ನು ತಾನ ನೆಟ್ಟಗಾತು. ಹೆಣ್ಣ ಹೆತ್ತ ನನಗ ಇನ್ನ ಈ ಜನ್ಮದಾಗ ಆ ಮಾತು ಅನ್ನೋ ಯೋಗ ಇಲ್ಲ ಅಂತ ತಿಳಕೊಂಡಿದ್ನಿ. ಮಂದಿ ಮುಂದ ಬೀಗರ ಕೈಲೆ ಒಮ್ಮೆ ಕಾಲಿಗೆ ನೀರು ಹಾಕಿಸಿಕೊಂಡ್ರ ಸಾಕು, ನನ್ನ ಕಟ್ಟಿ ತಾನ ತುಂಬತೈತಿ, ಈ ಕಥಿ ಕೇಳಾಕ ಖಾದರಸಾಬ ಚಪ್ಪಲಿ ಬಿಟ್ಟು ಓಡಿ ಬರತಾನ ಅಂತ ನನ್ನ ಲೆಕ್ಕಾಚಾರ.

ಕನ್ನೊಳ್ಳಿಯೊಳಗ ನನ್ನ ದೋಸ್ತನ ಹೊಲ ಐತಿ, ಅಲ್ಲೊಂದು ಹಳೇ ಬಾವಿ. ಬಾವ್ಯಾಗ ಇಳದು, ಇದ್ದದ್ದರಾಗ ಎಲ್ಲಾಕಿಂತ ದೊಡ್ಡ ಕಪ್ಪಿ ಆರಿಸಿದ್ನಿ. ಗಂಡು ಹೆಣ್ಣಿಗಿಂತ ಎತ್ತರ ಇರಬೇಕು, ಮೈಕಟ್ಟು ಇರಬೇಕು, ಅಂದ್ರ ಜೋಡಿ ಚಂದ ಕಾಣತೈತಿ. ಎಂಥಾ ಗಾಂಭೀರ್ಯ ಅದರದ್ದು! ಒದರಾಟಿಲ್ಲ, ಜಿಗದಾಟಿಲ್ಲ, ಕೈಯಾಗ ಹಿಡದ್ರ ಸುಮ್ಮನ ನೋಡಿಕೋತ ಕುಂತಿತು. 'ನೋಡ, ಮನತನಸ್ಥರ ಹುಡುಗ' ಅಂತ ಹೆಂಡತಿಗೆ ಹೇಳಿದ್ನಿ. ಬೀಗರ ಹೊಂಡದಾಗ ಹೆಣ್ಣಮಕ್ಕಳು ಒಂದು ಸಣ್ಣದನ್ನ ಹಿಡದಿದ್ರು. ಮೈಯೆಲ್ಲಾ ಹಳದಿ, ಅರಿಷಿಣ ಹಚ್ಚಿದಂಗ. 'ದೇವರ ಅರಿಷಿಣ ಹಚ್ಚಿ ಕಳಿಸ್ಯಾನ, ಇದ ಮದಲಗಿತ್ತಿ' ಅಂತ ನೀಲಮ್ಮಕ್ಕ ಅಂದ್ಲು. ಎಲ್ಲಾರೂ ಹೌದಂದ್ರು. ಶಿವಲಿಂಗಪ್ಪನವರು ಏನೋ ಹೇಳಾಕ ಬಾಯಿ ತಗದ್ರು, ನಾ ಬಿಡಲಿಲ್ಲ. ಹೆಣ್ಣಿನ ಕಡಿಯವರು ನಡುವ ಮಾತಾಡೋ ರೀತಿ ಎಲ್ಲೈತ್ರಿ?

ಮದಿವಿ ದಿನ ನಾ ಜರದ ರುಮಾಲು ಸುತ್ತಿ, ಬೋಗೋಣಿಯೊಳಗ ಮದಮಗನ್ನ ಇಟಗೊಂಡು, ಬಾಜಾ ಇಲ್ಲಂತ ನನ್ನ ಹಳೇ ಸೀಟಿ ಊದಿಕೋತ ಬೀಗರ ಬಾಗಲಕ್ಕ ಹೋದ್ನಿ. ಹೋದವನ ಹೊಚ್ಚಲದ ಹೊರಗ ನಿಂತು ಮಾರಿ ಗಂಟ ಹಾಕಿದ್ನಿ. 'ಗಂಡಿನವರು ಬಂದು ಎಷ್ಟ ಹೊತ್ತಾತು, ಕಾಲಿಗೆ ನೀರಿಲ್ಲೇನು?'

ಶಿವಲಿಂಗಪ್ಪನವರು ತಾವ ತಂಬಗಿ ತಂದು ಕಾಲಿಗೆ ನೀರು ಹಾಕಿದ್ರು. ಆ ನೀರು ಎಷ್ಟ ತಂಪಿತ್ತಂತ ಹೇಳಲಿ! ನನಗ ಖುರ್ಚಿ ಹಾಕಿದ್ರು. ರೇಣುಕಾ ಚಾ ತಂದ್ಲು. ಒಂದು ಗುಟುಕು ಕುಡದು, ಬಸ್ಸ ತುಂಬ ಕೇಳೂವಂಥಾ ದನಿಲೆ ಅಂದ್ನಿ, 'ಎಲ್ಲಾ ಚಲೋ ಆಗೇತ್ರಿ ಬೀಗರ, ಚಾಕ್ಕ ಸಕ್ಕರಿ ಒಂದೀಟು ಹಿಂದ ಆಗೇತಿ.'

'ಅಪ್ಪಾ, ನಿನಗ ಶುಗರ್ ಐತಿ, ಅದಕ್ಕ ನಾನ ಹಾಕಿಲ್ಲ' ಅಂದ್ಲು ರೇಣುಕಾ.

'ನೀ ಸುಮ್ಮನಿರವಾ, ಇದು ಬೀಗರ ಮಾತು.'

ಎರಡೂ ಕಪ್ಪಿ ಒಂದ ದೊಡ್ಡ ಬೋಗೋಣಿಯೊಳಗ ಕುಂದರಿಸಿ, ಮ್ಯಾಲ ಜಾಳಗಿ ಮುಚ್ಚಿದ್ರು. ಸಣ್ಣದಕ್ಕ ಹಸರ ಖಣದ ಚೂರು, ನಮ್ಮ ಹುಡುಗನ ಮುಂದ ರುಮಾಲಿನ ತುಂಡು. ಹಾಡು ಆದ್ವು, ಅಕ್ಕಿಕಾಳು ಬಿದ್ದುವು. ನೀಲಮ್ಮಕ್ಕ ಮ್ಯಾಲಿಂದ ಒಂದು ತಂಬಗಿ ನೀರು ಸುರುವಿದ್ಲು. ಸುರುವಿದ್ದ ತಡ, ಆ ಹಳದಿ ಮದಲಗಿತ್ತಿ ಗಲ್ಲದ ಎರಡೂ ಬಾಜೂಕ ಎರಡು ನೀಲಿ ಫುಗ್ಗಾ ಉಬ್ಬಿದ್ವು. 'ವಟರ್ರ್!' ಓಣಿ ನಡುಗಿತು.

'ಯಾ ಅಲ್ಲಾ,' ಅಂದ ಖಾದರಸಾಬ, 'ಮದಲಗಿತ್ತಿ ತಾಳಿ ಕಟ್ಟೂಕಿಂತ ಮೊದಲ ಜಗಳ ತಗದ್ಲು!'

ನಕ್ಕವರು ನಕ್ರು. ಶಿವಲಿಂಗಪ್ಪನವರು ಕೆಮ್ಮಿದ್ರು. 'ಬೀಗರ, ತಪ್ಪ ತಿಳಕೋಬ್ಯಾಡ್ರಿ. ಒದರೋದು ಗಂಡು. ಮಳಿಗಾಲದಾಗ ಹಿಂಗ ಹಳದಿ ಆಗೋದೂ ಗಂಡ. ಹೆಣ್ಣು ಮೈಯಾಗ ದೊಡ್ಡದಿರತೈತಿ, ಹಿಂಗ ಒದರಂಗಿಲ್ಲ.'

ಎಲ್ಲಾರ ಕಣ್ಣು ನನ್ನ ಮನತನಸ್ಥರ ಹುಡುಗನ ಮ್ಯಾಲ ಬಿದ್ದುವು. ಅದು ಮೈ ತುಂಬಿಕೊಂಡು, ತಲಿ ಬಗ್ಗಿಸಿ, ಪಿಟ್ಟ ಅನ್ನದ ಕುಂತಿತ್ತು.

'ಮೊದಲ ಯಾಕ ಹೇಳಲಿಲ್ರಿ?' ಅಂತ ಒದರಿದ್ನಿ.

'ನೀವು ಅಷ್ಟ ಖುಷಿಲೆ ಗಂಡಿನವರಾಗಿದ್ರಿ,' ಅಂದ್ರು ಅವರು, 'ಹೆಂಗ ಹೇಳಲಿ ಅನಿಸ್ತು.'

ಅವರು ಒಂದು ಕಪಾಳಕ್ಕ ಹೊಡದಿದ್ರ ನಾ ತಡಕೋತಿದ್ನಿ ನೋಡ್ರಿ. ನೀಲಮ್ಮಕ್ಕ ಕೈ ಝಾಡಿಸಿಕೊಂಡು ನ್ಯಾಯ ಹೇಳಿದ್ಲು: 'ಹಂಗಾರ ಕನ್ನೊಳ್ಳ್ಯಾಕಿ ನಿನ್ನ ಮಗಳು, ಇಂವ ಶಿವಲಿಂಗಪ್ಪನ ಮಗ. ಕಪ್ಪಿ ಇದ್ದಂಗ ಇರಲಿ, ಬೀಗರು ಜಾಗಾ ಬದಲ ಮಾಡ್ರಿ.' ನನ್ನ ಕೆಳಗಿನ ಖುರ್ಚಿ ಹೋತು. ತಂಬಗಿ ನನ್ನ ಕೈಗೆ ಬಂತು. ಅವರು ಬ್ಯಾಡ ಬ್ಯಾಡ ಅಂದ್ರೂ ಹೆಣ್ಣಮಕ್ಕಳು ಬಿಡಲಿಲ್ಲ, ರುಮಾಲು ಸುತ್ತಿಕೊಂಡಾಂವ ಬಗ್ಗಿ ಶಿವಲಿಂಗಪ್ಪನವರ ಕಾಲಿಗೆ ನೀರು ಹಾಕಿದ್ನಿ. ಹೆಣ್ಣು ಗಂಡನ ಮನಿಗೆ ಹೋಗಬೇಕಲ್ಲ, ಎರಡನ್ನೂ ಬೀಗರ ಹೊಂಡಕ್ಕ ಬಿಟ್ರು. ಬಿಡೂಮುಂದ ನನ್ನ ಹೆಂಡತಿ ಖರೇನ ಕಣ್ಣಿಗೆ ಸೆರಗು ಹಚ್ಚಿದ್ಲು. 'ಕಪ್ಪಿಗೆ ಅಳತೀಯಲ್ಲಲೇ' ಅಂದ್ರ, 'ಹೆಣ್ಣ ಹೆಣ್ಣ ಅಲ್ಲೇನ್ರೀ' ಅಂದ್ಲು.

ಆ ವಾರದಾಗ ಮಳಿ ಬಂತು. ಚಲೋ ಬಂತು. ಎಲ್ಲಾರೂ ಅಂದದ್ದು, 'ಶಿವಲಿಂಗಪ್ಪನವರ ಹೊಂಡದ ಕಪ್ಪಿ ಕಾಲ್ಗುಣ.' ನನ್ನ ಟೈಲ್ಸಿನ ಹೊಂಡಾನೂ ತುಂಬಿತು, ಅದನ್ನ ಯಾರೂ ಹೇಳಲಿಲ್ಲ. ಕಟ್ಟಿ ಮ್ಯಾಲ ಬೇವಿನ ಎಲಿ ಬಿಟ್ರ ನಾ ಒಬ್ಬನ. ಕಡೀಕ ಹೆಂಡತಿ ಅಂದ್ಲು, 'ಮಗಳನ್ನ ಕೊಟ್ಟವರು ಒಮ್ಮೆರೆ ಹೋಗಿ ನೋಡಿಕೊಂಡು ಬರಬೇಕ್ರಿ, ಮಂದಿ ಏನಂತಾರ?'

ಹೋದ್ನಿ. ಬೀಗರು ತಮ್ಮ ಕಲ್ಲು ಬಿಟ್ಟು ಕೊಟ್ರು. ಕುಂತವನ ಕಪ್ಪಿ ಮದಿವಿ ಕಥಿ ಚಾಲೂ ಮಾಡಿದ್ನಿ, ಒಂದೀಟು ತಿದ್ದಿ, ನನಗ ಅನುಕೂಲ ಆಗೂವಂಗ. ಖುರ್ಚಿ ತನಕ ಬರೂದ್ರಾಗ ಆ ಹಳದಿ ಅಳಿಯ ಫುಗ್ಗಾ ಉಬ್ಬಿಸಿ ಒದರಿದ. 'ಶ್! ಸುಮ್ಮನಿರ್ರಿ, ಒದರಾಕತ್ತೈತಿ' ಅಂದ ಮಲ್ಲಪ್ಪ ಮಾಸ್ತರ, ನನಗ! ಹೆಣ್ಣು ಕೊಟ್ಟ ಮಾವಗ! ಹೊಟ್ಯಾಗ ಎದ್ದ ಉರಿ ಗಂಟಲಿಗೆ ಬಂತು. ಏನ ಮಾಡಾಕತ್ತೇನಿ ಅಂತ ತಿಳಿಯೂದ್ರಾಗ ಎರಡೂ ಗಲ್ಲ ಉಬ್ಬಿಸಿ, 'ವಟರ್ರ್!' ಅಂದ್ನಿ.

ಹೊಂಡ ಗಪ್ಪಾತು. ಆಮ್ಯಾಲ ಅಳಿಯ ಇನ್ನಾ ಜೋರಲೆ ತಿರುಗಿ ಒದರಿದ. ನಾ ಮತ್ತ ಒದರಿದ್ನಿ. 'ಸಾಹೇಬ್ರ,' ಖಾದರಸಾಬ ಜಿಗದಾಡಿದ, 'ಅಂವ ನಿಮಗ ಜವಾಬ್ ಕೊಡಾಕತ್ತಾನ್ರಿ! ಬಿಡಬ್ಯಾಡ್ರಿ, ಬಿಡಬ್ಯಾಡ್ರಿ!' ಎಷ್ಟ ದಿನದ ಮ್ಯಾಲ ಅಷ್ಟೂ ಮಂದಿ ನನ್ನ ಮಾರಿ ನೋಡಾಕತ್ತಿದ್ರು. ಅವತ್ತಿನಿಂದ ದಿನಾ ಸಂಜಿ ನಾ ಅಲ್ಲೇ. ಹೆಂಡತಿ ಮುಂದ ಮಗಳನ್ನ ನೋಡಾಕ ಹೊಕ್ಕೇನಿ ಅಂತ ಹೇಳತೇನಿ, ಯಾವ ಮಗಳು ಅಂತ ಅಕಿನೂ ಕೇಳಂಗಿಲ್ಲ.

ಮೊನ್ನೆ ಬಾಗೇವಾಡಿಯಿಂದ ಬೀಗರ ಮನಿಗೆ ಬಳಗದವರು ಬಂದಿದ್ರು. ಶಿವಲಿಂಗಪ್ಪನವರು ಅವರನ್ನ ಹಿತ್ತಲಕ್ಕ ಕರಕೊಂಡು ಬಂದು ಒಂದೊಂದ ತೋರಿಸಿದ್ರು. 'ಅಲ್ಲಿ ವಾಯರ್ ಮ್ಯಾಲ ಕುಂತದ್ದು ಮಿಂಚುಳ್ಳಿ. ಗ್ವಾಡಿ ಬುಡಕ ಮುಂಗಲಿ ಬರತೈತಿ. ಆ ಹಳದೀದು ಗಂಡು ಕಪ್ಪಿ. ಈ ಕಲ್ಲಿನ ಮ್ಯಾಲ ಕುಂತವರು ನಮ್ಮ ಬೀಗರು. ಒಂದೀಟು ತಡೀರಿ, ಇವರೂ ಒದರತಾರ.'

ಬಳಗದವರು ಮೊಬೈಲ್ ಹೊರಗ ತಗದ್ರು. ಕೆಟ್ಟ ಸಿಟ್ಟ ಬಂತ್ರಿ. ಜೀವಮಾನ ಎಲ್ಲಾ ಮಂದೀನ ಬಸ್ಸಿನಿಂದ ಇಳಿಸಿ ಹತ್ತಿಸಿದಾಂವ ನಾನು, ಈಗ ಬೀಗರ ಹೊಂಡದ ದಂಡೀಗೆ ಸಾಕಿದ ಪ್ರಾಣಿ ಹಂಗ ಕುಂದರಬೇಕಾ ಅಂತ ಧೋತರ ಹಿಡಕೊಂಡು ಎದ್ನಿ. ಅಷ್ಟರಾಗ ಆ ಅಳಿಯ ಒದರಿದ. ಎಲ್ಲಾರ ಮೊಬೈಲೂ ಅವನ ಕಡಿ ಹೊಳ್ಳಿದ್ವು.

ನಾ ಮತ್ತ ಕುಂತ್ನಿ. ಗಲ್ಲ ಉಬ್ಬಿಸಿದ್ನಿ.